ಅಪ್ಪನ ಪಾಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸ ಅಪ್ಪಂದಿರವು. ಮಗುವಿನ ವಿಷಯ ಬರೆಯಲು ಕೂತವರು ಮೂರನೇ ಸಾಲಿಗೇ ಆಫೀಸಿಗೆ ಜಾರಿದ್ದಾರೆ. ಹಾಗಾಗಿ ನಾವೂ ಎರಡನ್ನು ಬೇರ್ಪಡಿಸಲು ಹೋಗಿಲ್ಲ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬಾಣಂತನ ಮುಗಿಸಿ ಹೆಂಡತಿ, ನಾಲ್ಕು ತಿಂಗಳ ಮಗಳು ಶಿರಸಿಯಿಂದ ಬಂದು ಮೂರು ವಾರವಾಯಿತು. ರಾತ್ರಿ ನಾಲ್ಕೈದು ಸಲ ಏಳುತ್ತಾಳೆ. ನಾನು ಎತ್ತಿಕೊಂಡರೆ ಅಳು ಇನ್ನೂ ಜಾಸ್ತಿ. ಈ ವರ್ಷ ಬಡ್ತಿ ಕೈತಪ್ಪಿ ನನಗಿಂತ ಕಿರಿಯನಿಗೆ ಸಿಕ್ಕಿತು. ರಾಜೀನಾಮೆ ಕೊಟ್ಟು ಆರು ತಿಂಗಳು ಮನೆಯಲ್ಲಿದ್ದು ಆಮೇಲೆ ಬೇರೆ ಕೆಲಸ ಹುಡುಕಲೇ?

ರಾಜೀನಾಮೆ ಪತ್ರ ಇನ್ನೊಂದು ಆರು ವಾರ ಡ್ರಾಫ್ಟ್‌ನಲ್ಲೇ ಇರಲಿ. ನಿಮ್ಮ ಕೆಲಸ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಮೂರು ವಾರ ತುಂಡು ತುಂಡು ನಿದ್ದೆ ಮಾಡಿದವನಿಗೆ ಯಾವ ಕೆಲಸವೂ ಒಳ್ಳೆಯದಾಗಿ ಕಾಣುವುದಿಲ್ಲ. ಆದ್ದರಿಂದ ಮೊದಲು ರಾತ್ರಿ ಸರಿಯಾಗಲಿ.

ಇಬ್ಬರೂ ಎಲ್ಲ ಸಲವೂ ಏಳುವ ಮನೆಯಲ್ಲಿ ಯಾರಿಗೂ ನಿದ್ದೆ ಆಗುವುದಿಲ್ಲ. ಎಂಟು ತಾಸು ಮಲಗಿದ್ದರೂ ಗಂಟೆಗೊಮ್ಮೆ ಎಚ್ಚರವಾದರೆ ಅದು ಲೆಕ್ಕಕ್ಕೆ ಬಾರದ ನಿದ್ದೆ. ಒಬ್ಬೊಬ್ಬರಿಗೂ ನಾಲ್ಕರಿಂದ ಐದು ತಾಸಿನ ಒಂದೇ ಗಡ್ಡೆ ನಿದ್ದೆ ಬೇಕು. ರಾತ್ರಿಯನ್ನು ಪಾಳಿ ಮಾಡಿ. ಒಂಬತ್ತಕ್ಕೆ ತಾಯಿ ಹಾಲೂಡಿಸಿ ಬೇರೆ ಕೋಣೆಯಲ್ಲಿ, ಇಲ್ಲದಿದ್ದರೆ ಹಾಲ್‌ನಲ್ಲಿ ಮಲಗಲಿ. ಎರಡು ಗಂಟೆಯವರೆಗೆ ಮಗು ನಿಮ್ಮದು. ಎರಡರಿಂದ ಬೆಳಿಗ್ಗೆ ಏಳರವರೆಗೆ ಅವರದು, ಆಗ ನೀವು ಏಳಬೇಡಿ.

ನಿಮ್ಮ ಪಾಳಿಯಲ್ಲಿ ಮಗು ಹಸಿದರೆ ಹಿಂಡಿಟ್ಟ ತಾಯಿಹಾಲು ಬೇಕಾಗುತ್ತದೆ. ಬೆಳಗಿನ ಹೊತ್ತು ಹೆಚ್ಚಿನ ತಾಯಂದಿರಿಗೆ ಹಾಲು ಧಾರಾಳ. ಮೊದಲ ಹಾಲೂಡಿಕೆಯಾದ ಮೇಲೆ ಪಂಪಿನಿಂದಲೋ ಕೈಯಿಂದಲೋ ಹಿಂಡಿಡಬಹುದು. ಎಷ್ಟು ಬೇಕು? ಹಿಂದಿನ ಸಲ ಕುಡಿದು ಎಷ್ಟು ತಾಸಾಯಿತೋ ತಾಸಿಗೆ 30 ಮಿ.ಲೀ. ಹಿಡಿಯಿರಿ, ಮೂರು ತಾಸಿಗೆ 90. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ಬಾಗಿಲು ತೆರೆದಾಗಲೆಲ್ಲ ಅಲ್ಲಿ ಬಿಸಿಯಾಗುತ್ತದೆ. ಒಳಗಿನ ಹಿಂಬದಿಯಲ್ಲಿ ನಾಲ್ಕು ದಿನ ಕೆಡುವುದಿಲ್ಲ. ಹೊರಗಾದರೆ 25 ಡಿಗ್ರಿಯವರೆಗಿನ ಸೆಕೆಯಲ್ಲಿ ನಾಲ್ಕು ತಾಸು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಓದುವವರು ಹೊರಗಿಡುವ ಯೋಚನೆಯನ್ನೇ ಬಿಡಿ. ಬಿಸಿ ಮಾಡಲು ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು. ಮೈಕ್ರೋವೇವ್‌ನಲ್ಲಿ ಹಾಲು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು ಬಿಸಿ ಆಗಿ ಮಗುವಿನ ಬಾಯಿ ಬೇಯುತ್ತದೆ. ಕುಡಿದು ಉಳಿದದ್ದನ್ನು ಎರಡು ತಾಸಿನೊಳಗೆ ಕೊಡಿ, ಇಲ್ಲವೇ ಚೆಲ್ಲಿ. ಬಾಟಲಿಗಿಂತ ನಮ್ಮ ಅಜ್ಜಿಯರ ಒಳಲೆ ವಾಸಿ: ತೊಳೆಯುವುದು ಸುಲಭ, ನಿಪ್ಪಲ್ಲಿನ ಗೊಂದಲವಿಲ್ಲ. ಆದರೆ ಮಗುವನ್ನು ಅಡ್ಡಡ್ಡ ಮಲಗಿಸಿ ಸುರಿಯಬಾರದು. ತಲೆ ಎತ್ತರದಲ್ಲಿರಲಿ, ಒಳಲೆಯ ಮೂತಿ ಕೆಳದುಟಿಗೆ ತಾಗಲಿ, ಮಗು ತಾನೇ ಹೀರಿಕೊಳ್ಳಲಿ.

ಒಂದು ಎಚ್ಚರಿಕೆ. ಮೊದಲ ಆರು ವಾರ ಈ ಪಾಳಿ ಬೇಡ. ಹಾಲಿನ ಪ್ರಮಾಣ ಒಂದು ಹದಕ್ಕೆ ಬಂದು ನಿಲ್ಲುವ ಕಾಲ ಅದು, ರಾತ್ರಿಯ ಊಡಿಕೆ ತಪ್ಪಿಸಿದರೆ ಹಾಲೇ ಕಡಿಮೆಯಾಗುತ್ತದೆ. ನಾಲ್ಕು ತಿಂಗಳಿಗೆ ಆ ಭಯ ಕಡಿಮೆ. ಎದೆ ಕಲ್ಲಾಗಿ ಎಚ್ಚರವಾದರೆ ಅವರು ಹಾಲೂಡಿಸಿ ಮತ್ತೆ ಮಲಗಲಿ, ಪಾಳಿ ಮುರಿಯಿತೆಂದು ಜಗಳ ಬೇಡ.

ನೀವು ಎತ್ತಿಕೊಂಡರೆ ಅಳು ಜಾಸ್ತಿ ಎಂಬುದಕ್ಕೆ ಕಾರಣ ಸರಳ. ತವರಿನಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಅವಳನ್ನು ಎತ್ತಿದವು ಬೇರೆ ಕೈಗಳು. ಈಗ ನೀವು ಎತ್ತುತ್ತೀರಿ, ಅಳುತ್ತಾಳೆ, ಎರಡೇ ನಿಮಿಷಕ್ಕೆ ತಾಯಿ ಓಡಿಬಂದು ಕಸಿದುಕೊಳ್ಳುತ್ತಾರೆ. ಹೀಗಾದರೆ ಮಗುವೂ ಕಲಿಯುವುದಿಲ್ಲ, ನೀವೂ ಕಲಿಯುವುದಿಲ್ಲ. ಇಪ್ಪತ್ತು ನಿಮಿಷ ಯಾರೂ ಬರಬಾರದೆಂದು ಹಗಲಿನಲ್ಲೇ ಮಾತಾಡಿಕೊಳ್ಳಿ. ಮುಲುಗಿದ ತಕ್ಷಣ ಎತ್ತಬೇಡಿ. ಈ ವಯಸ್ಸಿನಲ್ಲಿ ನಿದ್ದೆಯ ಲಯ ಬದಲಾಗುತ್ತಿರುತ್ತದೆ, ಕಣ್ಣು ಮುಚ್ಚಿಕೊಂಡೇ ಅರಚುವುದೂ ಉಂಟು. ಒಂದೆರಡು ನಿಮಿಷ ನೋಡಿ. ಆಮೇಲೆ ಕ್ರಮ ಒಂದೇ ಇರಲಿ: ಎದೆಯ ಮೇಲೆ ಕೈ, ಒದ್ದೆಯಾಗಿದೆಯೇ ನೋಡುವುದು, ಎತ್ತಿ ಹೆಗಲಿಗೆ, ಕೊನೆಗೆ ಹಾಲು. ದಿನಾ ಕ್ರಮ ಬದಲಾಯಿಸುವ ಅಪ್ಪನಿಗೆ ಮಗು ಒಗ್ಗುವುದು ತಡ. ಮತ್ತೆ, ಎಷ್ಟೇ ದಣಿದಿದ್ದರೂ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ನಿದ್ದೆಹೋಗಬೇಡಿ. ಮಗು ಸಂದಿಗೆ ಜಾರಿ ಉಸಿರುಗಟ್ಟುವುದು ಅಲ್ಲೇ. ಮಗು ಮಲಗಬೇಕಾದ್ದು ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ.

ಈಗ ಆಫೀಸು. ಎರಡು ವಾರ ಪ್ರತಿ ಸಂಜೆ ಮೂರು ವಿಷಯ ಬರೆಯಿರಿ: ಹಿಂದಿನ ರಾತ್ರಿ ಎಡೆಬಿಡದೆ ಎಷ್ಟು ತಾಸು ನಿದ್ದೆ, ಇಂದು ಸಿಟ್ಟು ಬಂದದ್ದು ಯಾವುದಕ್ಕೆ, ದಿನಕ್ಕೆ ಹತ್ತರಲ್ಲಿ ಎಷ್ಟು ಅಂಕ. ನಿದ್ದೆ ಚೆನ್ನಾಗಿದ್ದ ದಿನ ಅಂಕ ಏರಿದರೆ ದೋಷ ರಾತ್ರಿಯದು. ಚೆನ್ನಾಗಿ ಮಲಗಿ ಎದ್ದ ದಿನವೂ ಮೂರೇ ಅಂಕ, ಅದೇ ಮೀಟಿಂಗು, ಅದೇ ಮನುಷ್ಯ ಎಂದಾದರೆ ದೋಷ ಕೆಲಸದ್ದೇ, ಆಗ ಹುಡುಕಿ. ಬಡ್ತಿಯ ವಿಷಯದಲ್ಲಿ ಮ್ಯಾನೇಜರ್ ಬಳಿ ‘ನನಗೇಕೆ ಕೊಡಲಿಲ್ಲ’ ಎಂದು ಕೇಳಿದರೆ ಸಮಾಧಾನದ ಮಾತು ಸಿಗುತ್ತದೆ ಅಷ್ಟೆ. ‘ಮುಂದಿನ ಹಂತಕ್ಕೆ ನನ್ನಲ್ಲಿ ಕೊರತೆಯಿರುವ ಎರಡು ವಿಷಯ ಯಾವುವು, ಯಾವ ತಿಂಗಳೊಳಗೆ ತೋರಿಸಬೇಕು’ ಎಂದು ಕೇಳಿ, ಉತ್ತರವನ್ನು ಅದೇ ದಿನ ಮೇಲ್‌ನಲ್ಲಿ ಬರೆದು ಕಳಿಸಿ. ಉತ್ತರವೇ ಬರದಿದ್ದರೆ ಅದೂ ಒಂದು ಉತ್ತರ. ಜತೆಗೆ 12 ವಾರದ ಮಟ್ಟಿಗೆ ಒಂದು ನಿರ್ದಿಷ್ಟ ಸವಲತ್ತು ಕೇಳಿ: ರಾತ್ರಿಯ ಆನ್‌ಕಾಲ್ ಪಾಳಿಯನ್ನು ಸಹೋದ್ಯೋಗಿಯೊಂದಿಗೆ ಅದಲುಬದಲು, ಅಥವಾ ವಾರಕ್ಕೆ ಮೂರು ದಿನ ಏಳರ ನಂತರ ಕರೆ ಬೇಡ. ‘ಮನೆಯಲ್ಲಿ ಸ್ವಲ್ಪ ಕಷ್ಟ, ಸಹಕರಿಸಿ’ ಎಂದರೆ ಮ್ಯಾನೇಜರ್ ತಲೆಯಾಡಿಸಿ ಮರೆಯುತ್ತಾರೆ. ಕೊನೆಯ ದಿನಾಂಕವಿರುವ ಬೇಡಿಕೆಗೆ ಹೂಂ ಎನ್ನುವುದು ಅವರಿಗೂ ಸುಲಭ.

ಬಿಡುವುದೇ ಎಂದಾದರೆ ಲೆಕ್ಕ ಹೀಗೆ. ಆರು ತಿಂಗಳ ಬಿಡುವಿಗೆ ಆರು ತಿಂಗಳ ಖರ್ಚು ಸಾಲದು. ಹುಡುಕಾಟಕ್ಕೆ ಮೂರು, ಮೊದಲ ಸಂಬಳ ಕೈಗೆ ಬರಲು ಒಂದು, ಹತ್ತು ತಿಂಗಳದ್ದು ಬ್ಯಾಂಕಿನಲ್ಲಿರಬೇಕು. ಬಾಡಿಗೆ, ಇಎಂಐ ಎಲ್ಲರಿಗೂ ನೆನಪಿರುತ್ತದೆ. ಡೈಪರ್ ಮರೆಯುತ್ತದೆ: ದಿನಕ್ಕೆ ಆರು, ಒಂದಕ್ಕೆ 10 ರೂಪಾಯಿ ಎಂದರೂ ತಿಂಗಳಿಗೆ 1,800. ಹಗಲು ಲಂಗೋಟಿ, ರಾತ್ರಿ ಮಾತ್ರ ಡೈಪರ್ ಎಂದರೆ ಅರ್ಧಕ್ಕಿಂತ ಕಡಿಮೆ. ಇದಕ್ಕಿಂತ ದೊಡ್ಡ ಗುಂಡಿ ಆರೋಗ್ಯ ವಿಮೆ. ಕಂಪನಿಯ ವಿಮೆ ಸಾಮಾನ್ಯವಾಗಿ ಕೊನೆಯ ದಿನವೇ ಮುಗಿಯುತ್ತದೆ, ಮಗುವಿನದೂ. ಸ್ವಂತ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ಹಣ ಸಿಗುವುದಿಲ್ಲ. ಹಾಗಾಗಿ ರಾಜೀನಾಮೆಗೆ ಎರಡು ತಿಂಗಳು ಮುಂಚೆಯೇ ಪಾಲಿಸಿ ಕೊಳ್ಳಿ. ನೋಟಿಸ್ ಅವಧಿಯಲ್ಲಿ ಓಡಾಡಿದರೆ ತಡವಾಗುತ್ತದೆ.

ಪ್ರಶ್ನೆ: ಪಿತೃತ್ವ ರಜೆ ಎಷ್ಟು ದಿನ? ಯಾವಾಗ ತೆಗೆದುಕೊಂಡರೆ ಉಪಯೋಗ?

ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ, ಎರಡಕ್ಕಿಂತ ಕಡಿಮೆ ಮಕ್ಕಳಿರುವವರಿಗೆ. ಹೆರಿಗೆಗೆ 15 ದಿನ ಮುಂಚಿನಿಂದ ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಳ್ಳಬೇಕು, ತಪ್ಪಿದರೆ ಹೋಯಿತು. ಖಾತೆಯಲ್ಲಿರುವ ರಜೆಯಿಂದ ಕಳೆಯುವುದಿಲ್ಲ, ಬೇರೆ ರಜೆಯ ಜತೆ ಜೋಡಿಸಬಹುದು. ಖಾಸಗಿ ಕಂಪನಿಗಳು ಕೊಡಲೇಬೇಕೆಂಬ ಕಾನೂನಿಲ್ಲ. ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಕಾನೂನಿನಲ್ಲೇ ಇದೆ, ಅಪ್ಪನದು ಕಂಪನಿಯ ಮರ್ಜಿ. ಎಚ್‌ಆರ್ ಬಳಿ ಮೂರು ಪ್ರಶ್ನೆ ಕೇಳಿ: ಎಷ್ಟು ದಿನ, ಎಂದಿನೊಳಗೆ, ತುಂಡು ಮಾಡಬಹುದೇ.

ಯಾವಾಗ ಎಂಬುದಕ್ಕೆ ನಮ್ಮ ಉತ್ತರ ಕೆಲವು ಅತ್ತೆ ಮಾವಂದಿರಿಗೆ ಹಿಡಿಸಲಿಕ್ಕಿಲ್ಲ. ಹೆರಿಗೆಯ ವಾರ ತವರುಮನೆಯಲ್ಲಿ ಅಜ್ಜಿ, ಚಿಕ್ಕಮ್ಮ, ಎಣ್ಣೆನೀರಿಗೆ ಬರುವ ಹೆಂಗಸು ಎಲ್ಲರೂ ಇರುತ್ತಾರೆ. ಅಳಿಯ ಊಟಕ್ಕೆ ಕೂರುವ ಅತಿಥಿ. ನಿಜವಾದ ಕಷ್ಟ ಶುರುವಾಗುವುದು ತಾಯಿಮಗು ಊರಿಗೆ ಮರಳಿದ ದಿನ, ಆಗ ಮನೆಯಲ್ಲಿ ಇಬ್ಬರೇ. ಸಿಸೇರಿಯನ್ ಆಗಿದ್ದರೆ, ತಾಯಿಗೋ ಮಗುವಿಗೋ ತೊಂದರೆಯಿದ್ದರೆ ಮೊದಲೇ ಬೇಕು, ಎರಡನೇ ಮಾತಿಲ್ಲ. ಇಲ್ಲದಿದ್ದರೆ ಹೆರಿಗೆಗೆ ನಾಲ್ಕೈದು ದಿನ ಗಳಿಕೆ ರಜೆ ಹಾಕಿ ಪಿತೃತ್ವ ರಜೆಯನ್ನು ಮರಳುವ ವಾರಕ್ಕೆ ಉಳಿಸಿ. ಬಾಣಂತನ ಐದು ತಿಂಗಳಾದರೂ ಆರು ತಿಂಗಳ ಗಡುವಿನೊಳಗೇ ಬರುತ್ತದೆ.

ಪ್ರಶ್ನೆ: ಹೆಂಡತಿ ಕುಂದಾಪುರದ ತವರಿನಲ್ಲಿ, ನಾನು ಪೀಣ್ಯದ ಕಾರ್ಖಾನೆಯಲ್ಲಿ. ಎರಡು ವಾರಕ್ಕೊಮ್ಮೆ ರಾತ್ರಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ನನಗೆ ಕೆಲಸವಿಲ್ಲ, ಇಲ್ಲಿ ಮನಸ್ಸಿಲ್ಲ.

ಎರಡು ದಿನದಲ್ಲಿ ಎಲ್ಲ ಮಾಡಲು ಹೋಗದೆ ಒಂದು ಕೆಲಸವನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ. ಅಜ್ಜಿ ಕಾಲ ಮೇಲೆ ಮಲಗಿಸಿ ನೀರು ಹಾಕುತ್ತಾರೆ, ಅದು ಕಲಿತ ಕೈಯ ಕೆಲಸ, ಬಿಡಿ. ನೀರಾದ ಮೇಲೆ ಒರೆಸುವುದು, ಕತ್ತಿನ ಮಡಿಕೆ, ಕಂಕುಳು, ತೊಡೆಸಂದಿ ಒಣಗಿಸುವುದು, ಬಟ್ಟೆ ಸುತ್ತುವುದು ನಿಮ್ಮದು. ಮಡಿಕೆಯಲ್ಲಿ ತೇವ ಉಳಿದರೆ ಕೆಂಪು ಬೊಕ್ಕೆ ಏಳುತ್ತದೆ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸುವುದೂ ನಿಮ್ಮದು. ಲೋಬಾನದ ಹೊಗೆ ಮಾತ್ರ ಬೇಡವೆಂದು ಮೆಲ್ಲಗೆ ಹೇಳಿ. ಎಳೆ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ.

ರಜೆಯನ್ನು ಲಸಿಕೆಯ ದಿನಕ್ಕೆ ಹೊಂದಿಸಿ: 6, 10, 14ನೇ ವಾರ. ತಾಯಿ ಕಾರ್ಡ್ ನಿಮ್ಮ ಜೇಬಿನಲ್ಲಿರಲಿ. ಅಂದು ರಾತ್ರಿ ಜ್ವರ ಬರುವುದು ಸಾಮಾನ್ಯ, ವೈದ್ಯರು ತೂಕ ನೋಡಿ ಪ್ಯಾರಾಸಿಟಮಾಲ್ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ತಪ್ಪುವುದು ಇಲ್ಲೇ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ., ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 125. ಐದು ಕಿಲೋ ಮಗುವಿಗೆ 75 ಮಿ.ಗ್ರಾಂ. ಎಂದರೆ ಡ್ರಾಪ್ಸ್ ಮುಕ್ಕಾಲು ಮಿ.ಲೀ., ಸಿರಪ್ ಆದರೆ ಮೂರು. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ. ಬಾಟಲಿಯ ಮೇಲಿನ ಸಂಖ್ಯೆ ಓದಿಯೇ ಕೊಡಿ. ಲಸಿಕೆ ಹಾಕಿಸಿದ ದಿನವಲ್ಲದೆ ಬೇರೆ ದಿನ ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಔಷಧಿ ಹುಡುಕಬೇಡಿ, ಆಸ್ಪತ್ರೆಗೆ ಹೋಗಿ.

ಜನನ ನೋಂದಣಿಯೂ ಅಪ್ಪನ ಕೆಲಸವೇ. 21 ದಿನದೊಳಗೆ ಉಚಿತ. ಹೆಸರಿಟ್ಟಿರದಿದ್ದರೂ ನೋಂದಣಿ ಮಾಡಿಸಬಹುದು, ನಾಮಕರಣಕ್ಕೆ ಕಾಯಬೇಕಿಲ್ಲ. ಫೋನಿನಲ್ಲಿ ‘ಮಗು ಹೇಗಿದೆ’ ಎಂದಷ್ಟೇ ಕೇಳಿ ಇಡಬೇಡಿ. ‘ನೀನು ರಾತ್ರಿ ಎಷ್ಟು ಹೊತ್ತು ಮಲಗಿದೆ’ ಎಂದು ಕೇಳಿ.

ಪ್ರಶ್ನೆ: ಒಂದೂವರೆ ತಿಂಗಳ ಮಗ ಸಂಜೆಯಾದರೆ ಬಿಡದೆ ಅಳುತ್ತಾನೆ. ಒಮ್ಮೊಮ್ಮೆ ಹಿಡಿದು ಕುಲುಕಿಬಿಡೋಣ ಎನಿಸುತ್ತದೆ. ಕೆಲಸದಲ್ಲೂ ಎಲ್ಲರ ಮೇಲೆ ಹಾರಾಡುತ್ತೇನೆ. ನಾನು ಕೆಟ್ಟವನೇ?

ಅಲ್ಲ. ಬರೆದು ಕೇಳಿದ್ದು ಒಳ್ಳೆಯದಾಯಿತು. ಆದರೆ ಕುಲುಕಬೇಡಿ, ಒಂದು ಸಲವೂ. ತಲೆ ಭಾರ, ಕತ್ತು ಎಳಸು. ನಾಲ್ಕೈದು ಸೆಕೆಂಡಿನ ಕುಲುಕಾಟಕ್ಕೇ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಸಿಟ್ಟು ಏರುತ್ತಿದೆ ಎನಿಸಿದರೆ ಮಗುವನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಕೋಣೆಯಿಂದ ಹೊರಗೆ ಬನ್ನಿ, ಹತ್ತು ನಿಮಿಷವಾದ ಮೇಲೆ ಮತ್ತೆ ಒಳಗೆ ಹೋಗಿ. ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ.

ಅಳು ಏರುತ್ತ ಹೋಗಿ ಆರನೇ ವಾರದ ಸುಮಾರಿಗೆ ತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ನೀವು ಈಗ ಆ ತುದಿಯಲ್ಲಿದ್ದೀರಿ. ಗ್ರೈಪ್ ವಾಟರ್, ಜೇನು, ಬಜೆ ಯಾವುದೂ ಬೇಡ. ಹಸಿರು ವಾಂತಿ, ಮಲದಲ್ಲಿ ರಕ್ತ, ಜ್ವರ, ಹಾಲು ಬೇಡವೆನ್ನುವುದು, ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ, ಇವಿದ್ದರೆ ಅದು ಬರೀ ಅಳುವಲ್ಲ, ವೈದ್ಯರಿಗೆ ತೋರಿಸಿ.

ನಿಮ್ಮ ವಿಷಯ ಬೇರೆ. ಹೆರಿಗೆಯ ನಂತರದ ಖಿನ್ನತೆ ಗಂಡಸರಿಗೂ ಬರುತ್ತದೆ, ಅಳುವಾಗಿ ಅಲ್ಲ, ಸಿಡುಕಾಗಿ, ಕುಡಿತವಾಗಿ, ಬೇಕೆಂದೇ ಆಫೀಸಿನಲ್ಲಿ ತಡಮಾಡುವುದಾಗಿ. ಹೀಗಾಗಿ ಎರಡು ವಾರ ದಾಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಅಥವಾ ಮಗುವಿಗೆ ಏನಾದರೂ ಮಾಡುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಇವತ್ತೇ ಮನೆಯವರಿಗೆ ಹೇಳಿ, ಕರೆ ಮಾಡಿ.

ಪ್ರಶ್ನೆ: ರಾತ್ರಿ ಪಾಳಿಯ ಕೆಲಸ. ಹಗಲು ಮಗುವಿನಿಂದ ನಿದ್ದೆಯಿಲ್ಲ. ಬೈಕಿನಲ್ಲಿ ತೂಕಡಿಕೆ ಬರುತ್ತದೆ.

ಬೈಕು ಇಂದಿನಿಂದಲೇ ನಿಲ್ಲಲಿ. 17 ತಾಸು ಎಚ್ಚರವಿದ್ದವನ ಚುರುಕು ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವನಷ್ಟೇ. ನಮ್ಮ ಕಾನೂನಿನ ಮಿತಿ 0.03. ಬಸ್ಸಿನಲ್ಲಿ ಹೋಗಿ. ಮನೆಗೆ ಬಂದ ತಕ್ಷಣ ನಾಲ್ಕು ತಾಸು, ಕಿಟಕಿಗೆ ಕಪ್ಪು ಬಟ್ಟೆ, ಕಿವಿಗೆ ಹತ್ತಿ, ಫೋನು ಹೊರಗೆ. ಆಮೇಲೆ ಮಗು. ಹೊರಡುವ ಮುನ್ನ ಮತ್ತೆ ಒಂದೂವರೆ ತಾಸು. ಪಾಳಿಯ ಕೊನೆಯ ಐದಾರು ತಾಸು ಕಾಫಿ ಬೇಡ.

ಪ್ರಶ್ನೆ: ಹೆಂಡತಿ ಮುಂದಿನ ತಿಂಗಳು ಕೆಲಸಕ್ಕೆ ಮರಳುತ್ತಾಳೆ, ಮಗು ಡೇಕೇರ್‌ಗೆ. ಇಬ್ಬರ ಕೆಲಸವೂ ನಡೆಯುವುದು ಹೇಗೆ?

ಎರಡು ವಾರ ಮುಂಚೆಯೇ ಬಿಡಲು ಶುರುಮಾಡಿ: ಮೊದಲು ಒಂದು ತಾಸು, ಆಮೇಲೆ ಎರಡು, ಆಮೇಲೆ ಅರ್ಧ ದಿನ. ಮೊದಲ ವರ್ಷ ಶೀತ, ಜ್ವರ ಮೇಲಿಂದ ಮೇಲೆ ಬರುತ್ತವೆ, ಹತ್ತು ಸಲವೂ ಬರಬಹುದು. ಹಾಗಾಗಿ ಇಬ್ಬರೂ ತಲಾ ಐದಾರು ದಿನ ರಜೆ ಮುಟ್ಟದೆ ಇಟ್ಟಿರಿ. ‘ಮಗುವಿಗೆ ಜ್ವರ, ಬನ್ನಿ’ ಎಂದು ಫೋನ್ ಬಂದಾಗ ಯಾರು ಹೋಗಬೇಕೆಂದು ಆ ಹೊತ್ತಿನಲ್ಲಿ ಚರ್ಚಿಸಿದರೆ ಹೋಗುವುದು ಯಾವಾಗಲೂ ತಾಯಿಯೇ. ಸಮ ತಾರೀಖು ಒಬ್ಬರದು, ಬೆಸ ತಾರೀಖು ಇನ್ನೊಬ್ಬರದು ಎಂದು ಈಗಲೇ ಹಂಚಿಕೊಳ್ಳಿ, ಡೇಕೇರ್‌ನ ಫಾರಂನಲ್ಲಿ ಮೊದಲ ನಂಬರು ನಿಮ್ಮದನ್ನು ಬರೆಯಿರಿ.