ಲೆನ್ಸ್ ಅಲುಗಾಡುತ್ತದೆ ಎಂದ ಮಾತ್ರಕ್ಕೆ ರಿಪೇರಿಗೆ ಕೊಡಬೇಡಿ

ಮೇಡಂ, ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಜಯನಗರದಲ್ಲಿ ಒಬ್ಬರಿಂದ ಕ್ಯಾನನ್ 55-250 ಎಸ್‌ಟಿಎಂ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ. ಝೂಮನ್ನು 55 ಮಿ.ಮೀ.ಯಿಂದ 250 ಮಿ.ಮೀ.ಗೆ ತಿರುಗಿಸಿದಾಗ ಹೊರಗೆ ಬರುವ ಬ್ಯಾರೆಲ್, ಅಂದರೆ ಲೆನ್ಸಿನ ಕೊಳವೆ, ಬೆರಳಿಗೆ ಅಲುಗಾಡುತ್ತದೆ, ಲೆನ್ಸನ್ನು ಅಲ್ಲಾಡಿಸಿದರೆ ಒಳಗೆ ಕಟಕಟ ಸದ್ದು ಕೇಳುತ್ತದೆ. ಮಾರಿದವರು ಇದೆಲ್ಲ ಮಾಮೂಲು ಎನ್ನುತ್ತಿದ್ದಾರೆ, ರಿಪೇರಿ ಅಂಗಡಿಯವರು ಪೂರ್ತಿ ಬಿಚ್ಚಿ ಸರ್ವೀಸ್ ಮಾಡಬೇಕು ಎನ್ನುತ್ತಿದ್ದಾರೆ. ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಅಲುಗಾಟ ಎಲ್ಲಿದೆ, ಅದು ಚಿತ್ರದಲ್ಲಿ ಕಾಣುತ್ತದೆಯೇ ಎಂಬ ಎರಡು ಸಂಗತಿಗಳನ್ನು ನೀವೇ ಮನೆಯಲ್ಲಿ ನೋಡಿಕೊಳ್ಳಬಹುದು.

ಮೊದಲು ಸದ್ದಿನ ವಿಷಯ ಮುಗಿಸಿಬಿಡೋಣ. ಈ ಲೆನ್ಸಿನಲ್ಲಿ ಕೈನಡುಕವನ್ನು ಸರಿದೂಗಿಸುವ ಐಎಸ್ ವ್ಯವಸ್ಥೆ ಇದೆ. ಅದಕ್ಕಾಗಿ ಒಳಗಿನ ಒಂದು ಗಾಜಿನ ಗುಂಪು ಅತ್ತಿತ್ತ ಸರಿಯುವಂತೆ ಜೋಡಣೆಯಾಗಿರುತ್ತದೆ, ವಿದ್ಯುತ್ ಇಲ್ಲದಾಗ ಅದು ಸ್ವಲ್ಪ ಸದ್ದು ಮಾಡುವುದು ಸಹಜ. ಒಂದೇ ಜಾಗದಿಂದ ಬರುವ ಮಂದವಾದ ಕಟಕಟ ಸದ್ದಾದರೆ ಚಿಂತೆ ಬೇಡ. ಆದರೆ ಲೆನ್ಸನ್ನು ನಿಧಾನವಾಗಿ ಮಗುಚಿದಾಗ ಏನೋ ಒಂದು ಸಣ್ಣ ಲೋಹದ ಚೂರು ಈ ತುದಿಯಿಂದ ಆ ತುದಿಗೆ ಉರುಳಿದಂತೆ ಕೇಳಿದರೆ ಅದು ಕಳಚಿಕೊಂಡ ಸ್ಕ್ರೂ ಆಗಿರುವ ಸಂಭವ ಹೆಚ್ಚು. ಹಾಗಿದ್ದರೆ ಝೂಮ್ ತಿರುಗಿಸುವುದನ್ನೇ ನಿಲ್ಲಿಸಿ, ಏಕೆಂದರೆ ಆ ಸ್ಕ್ರೂ ಹೋಗಿ ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಅಪರ್ಚರ್ ಎಲೆಗಳ ನಡುವೆ ಅಥವಾ ರಿಬ್ಬನ್ ಕೇಬಲ್ಲಿನ ಬಳಿ ಸಿಕ್ಕಿಕೊಂಡರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಇನ್ನು ಬ್ಯಾರೆಲ್. ಉದ್ದವಾಗುವ ಝೂಮ್ ಲೆನ್ಸಿನ ಒಳಕೊಳವೆ ಹೊರಕೊಳವೆಯೊಳಗೆ ಓರೆಯಾಗಿ ಕೊರೆದ ಕಿಂಡಿಗಳ ಗುಂಟ ಸಣ್ಣ ರೋಲರುಗಳ ಮೇಲೆ ಜಾರುತ್ತದೆ, ಸೇದುವ ಬಾವಿಯ ರಾಟೆಗೆ ಅಚ್ಚಿನ ಮೇಲೆ ಒಂದಿಷ್ಟು ಸಡಿಲು ಇರಲೇಬೇಕಾದಂತೆ ಇಲ್ಲಿಯೂ ಸ್ವಲ್ಪ ಎಡೆ ಬಿಟ್ಟಿರದಿದ್ದರೆ ಝೂಮ್ ತಿರುಗುವುದೇ ಇಲ್ಲ. 55ರಲ್ಲಿ ಗಟ್ಟಿಯಾಗಿದ್ದು 250ರಲ್ಲಿ ಅಲುಗಾಡುವುದು ಆ ಎಡೆಯ ಪರಿಣಾಮ. ಕೊಳವೆ ಹೆಚ್ಚು ಹೊರಬಂದಷ್ಟೂ ತುದಿಯಲ್ಲಿ ಅದು ಹೆಚ್ಚಾಗಿ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಕೊಳವೆಯ ಅಗ್ಗದ ಝೂಮ್‌ಗಳಲ್ಲಿ ಇದು ಎಲ್ಲೆಡೆ ಕಾಣುವಂಥದ್ದೇ. ಝೂಮ್ ರಿಂಗ್ ಒಂದು ನಿರ್ದಿಷ್ಟ ಅಂಕಿಯ ಬಳಿ ತಡೆದು ಮುಂದೆ ಹೋಗುವುದು, ತಿರುಗಿಸುವಾಗ ಮರಳು ಅರೆದಂತೆ ಸದ್ದು ಬರುವುದು, ಎರಡು ಕೊಳವೆಗಳ ನಡುವಿನ ಸಂದು ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಮುಚ್ಚಿಹೋದಂತಿರುವುದು, ಕಳೆದ ತಿಂಗಳಿಗಿಂತ ಈ ತಿಂಗಳು ಅಲುಗಾಟ ಹೆಚ್ಚಾಗಿರುವುದು, ಇವು ಮಾತ್ರ ಸಹಜವಲ್ಲ. ಫಿಲ್ಟರ್ ಹಾಕುವ ಅಂಚಿನಲ್ಲಿ ನೆಗ್ಗಿದ ಗುರುತಿದ್ದರೆ ಲೆನ್ಸ್ ಎಂದೋ ಬಿದ್ದಿದೆ ಎಂದು ತಿಳಿಯಿರಿ, ಮಾರಿದವರು ಏನೇ ಹೇಳಲಿ. ರಬ್ಬರ್ ಹಿಡಿಕೆ ಹಿಗ್ಗಿ ಜಾರುತ್ತಿದ್ದರೆ ಅದು ಬರೀ ರಬ್ಬರಿನ ವಿಷಯ.

ನಾನು ನಿಜಕ್ಕೂ ಹೆದರುವುದು ಮೌಂಟಿನ, ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂಡುವ ಜಾಗದ, ಅಲುಗಾಟಕ್ಕೆ. ಕ್ಯಾಮೆರಾದ ಬಾಡಿಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಲೆನ್ಸನ್ನು ತುದಿಯಲ್ಲಿ ಅಲ್ಲ, ಬುಡದಲ್ಲೇ ಹಿಡಿದು ಮೃದುವಾಗಿ ಆಡಿಸಿ ನೋಡಿ. ಸುತ್ತಳತೆಯ ದಿಕ್ಕಿನಲ್ಲಿ ಕೂದಲೆಳೆಯಷ್ಟು ತಿರುಗಿದರೆ ಅದು ಬೀಗದ ಪಿನ್ನಿಗೂ ಅದರ ತೂತಿಗೂ ನಡುವಿನ ಎಡೆ, ಅದರಿಂದ ತೊಂದರೆ ಇಲ್ಲ. ಮೇಲೆ ಕೆಳಗೆ ಅಥವಾ ಅಕ್ಕಪಕ್ಕಕ್ಕೆ ವಾಲಿ, ಮೌಂಟಿನ ಅಂಚಿನಲ್ಲಿ ಸಂದು ತೆರೆದು ಮುಚ್ಚುವುದು ಕಂಡರೆ ಮಾತ್ರ ಬಿಡಬೇಡಿ. ಕ್ಯಾನನ್ ಇಎಫ್ ಮೌಂಟಿನಿಂದ ಸೆನ್ಸರಿಗೆ ಇರುವ ಅಂತರ 44 ಮಿ.ಮೀ.; ಆ ಅಂತರ ಒಂದು ಕಡೆ ಅತ್ಯಲ್ಪ ವ್ಯತ್ಯಾಸವಾದರೂ ಚಿತ್ರದ ಒಂದು ಬದಿ ಮಂದವಾಗುತ್ತದೆ, ಜೊತೆಗೆ ಚಿನ್ನದ ಬಣ್ಣದ ಸಂಪರ್ಕಬಿಂದುಗಳು ಸರಿಯಾಗಿ ತಾಗದೆ ಪರದೆಯ ಮೇಲೆ ಎರರ್ 01 ಬರಬಹುದು. ಇನ್ನೊಂದು ಲೆನ್ಸ್ ಹಾಕಿದಾಗಲೂ ಅದೇ ವಾಲುವಿಕೆ ಇದ್ದರೆ ದೋಷ ಬಾಡಿಯದು, ಅಂದರೆ ಮೌಂಟ್ ಉಂಗುರದ ಸ್ಕ್ರೂಗಳದ್ದು ಅಥವಾ ಅದರ ಹಿಂದಿನ ಸ್ಪ್ರಿಂಗ್ ತಗಡಿನದು. ನಮ್ಮ ಊರಿನಲ್ಲಿ ಕ್ಯಾಮೆರಾವನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹಂಪು, ಗುಂಡಿಗಳ ಮೇಲೆ ಹೆಸರಘಟ್ಟದವರೆಗೆ ಹೋಗಿಬರುವವರು ಬಹಳ, ಆ ಅದುರಾಟಕ್ಕೆ ಸ್ಕ್ರೂಗಳು ಸಡಿಲವಾಗುವುದರಲ್ಲಿ ಆಶ್ಚರ್ಯವಿಲ್ಲ. ಬಿಗಿ ಮಾಡಲು ಹೋಗುವವರು ಒಂದು ಮಾತು ಗಮನಿಸಬೇಕು: ಜಪಾನಿ ಕ್ಯಾಮೆರಾಗಳಲ್ಲಿ ಇರುವುದು ಜೆಐಎಸ್ ಎಂಬ ಜಪಾನಿನ ಮಾನದಂಡದ ಅಳತೆಯ ಸ್ಕ್ರೂ, ಮನೆಯ ಸಾಮಾನ್ಯ ಪ್ಲಸ್ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರೆ ಅದರ ತಲೆ ಸವೆದುಹೋಗುತ್ತದೆ.

ಈಗ ಚಿತ್ರದ ಪರೀಕ್ಷೆ. ದಿನಪತ್ರಿಕೆಯ ಒಂದು ಹಾಳೆಯನ್ನು ಪೂರ್ತಿ ಬಿಡಿಸಿ, ಸುಕ್ಕಿಲ್ಲದಂತೆ ಗೋಡೆಗೆ ಅಂಟಿಸಿ. ನಿಮ್ಮ ಕ್ಯಾನನ್ 200ಡಿ ಬಾಡಿಯಲ್ಲಿ 250ಕ್ಕೆ ಇಟ್ಟರೆ ಸುಮಾರು 8 ಮೀಟರ್ ದೂರದಿಂದ ಆ ಹಾಳೆ ಚೌಕಟ್ಟನ್ನು ಹೆಚ್ಚುಕಡಿಮೆ ತುಂಬುತ್ತದೆ. ಮನೆಯೊಳಗೆ ಅಷ್ಟು ಜಾಗವಿಲ್ಲದಿದ್ದರೆ ಅಪಾರ್ಟ್‌ಮೆಂಟಿನ ಕಾರಿಡಾರ್ ಅಥವಾ ಬೆಳಗಿನ ಹೊತ್ತಿನ ತಾರಸಿ ಸಾಕು. ದೂರದ ಕಟ್ಟಡವನ್ನು ಮಧ್ಯಾಹ್ನ ತೆಗೆದು ನೋಡಬೇಡಿ, ಬಿಸಿಗಾಳಿಯ ನಡುಕವೇ ಚಿತ್ರವನ್ನು ಕೆಡಿಸಿ ಲೆನ್ಸಿನ ಮೇಲೆ ಅಪವಾದ ಹೊರಿಸುತ್ತದೆ. ಟ್ರೈಪಾಡ್ ಹಾಕಿ, ಐಎಸ್ ಆರಿಸಿ, ಅಪರ್ಚರ್ ಎಫ್ 5.6 ಇಟ್ಟು, 2 ಸೆಕೆಂಡಿನ ಟೈಮರ್ ಹಾಕಿ, ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ ನೋಡುತ್ತಾ, ಹಾಳೆಯ ನಡುವಿಗೆ ಫೋಕಸ್ ಮಾಡಿ. ಕ್ಯಾಮೆರಾ ಗೋಡೆಗೆ ನೇರವಾಗಿ ಇದೆಯೇ ಎಂಬುದನ್ನು ತಿಳಿಯಲು ಒಂದು ಸಣ್ಣ ಕನ್ನಡಿಯನ್ನು ಹಾಳೆಯ ನಡುವೆ ಗೋಡೆಗೆ ಚಪ್ಪಟೆಯಾಗಿ ಒತ್ತಿ ಹಿಡಿಯಲು ಯಾರಿಗಾದರೂ ಹೇಳಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಡುವೆಯೇ ಕಂಡರೆ ಜೋಡಣೆ ಸರಿಯಾಗಿದೆ. ಈ ಒಂದು ಕೆಲಸವನ್ನು ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ತೆರೆದು ನಾಲ್ಕು ಮೂಲೆಗಳ ಒತ್ತಕ್ಷರಗಳನ್ನು ನೋಡಿ. ಇದಕ್ಕೆ ಕನ್ನಡ ಪತ್ರಿಕೆಯೇ ಒಳ್ಳೆಯದು, ‘ರಾಷ್ಟ್ರ’ದ ಕೆಳಗಿನ ಸಣ್ಣ ಗೆರೆಗಳು ಮೊದಲು ಕಲಸಿಹೋಗುತ್ತವೆ. ನಾಲ್ಕೂ ಮೂಲೆಗಳು ನಡುವಿಗಿಂತ ಸಮವಾಗಿ ಸ್ವಲ್ಪ ಮಂದವಾಗಿದ್ದರೆ ಅದು ಆ ಲೆನ್ಸಿನ ಯೋಗ್ಯತೆ, ಯಾವ ರಿಪೇರಿಯಿಂದಲೂ ಬದಲಾಗುವುದಿಲ್ಲ. ಒಂದು ಮೂಲೆ ಅಥವಾ ಒಂದು ಬದಿ ಮಾತ್ರ ಕಲಸಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಅಕ್ಕಿ ತುಂಬಿದ ಸಣ್ಣ ಚೀಲದ ಮೇಲೆ ಕೂರಿಸಿ, ಕನ್ನಡಿ ಹಿಡಿಸಿ ಮತ್ತೆ ತೆಗೆಯಿರಿ. ಮಂದ ಭಾಗ ಚೌಕಟ್ಟಿನ ಅದೇ ಮೂಲೆಯಲ್ಲಿ ಉಳಿದರೆ ದೋಷ ಲೆನ್ಸಿನದು ಅಥವಾ ಮೌಂಟಿನದು. ಹಾಳೆಯ ಅದೇ ಮೂಲೆಯಲ್ಲಿ ಉಳಿದರೆ ಹಾಳೆ ಅಥವಾ ಗೋಡೆ ಸಮವಾಗಿಲ್ಲ. ಕೊನೆಗೆ, ಟ್ರೈಪಾಡಿನ ಮೇಲೆಯೇ ಬ್ಯಾರೆಲ್ಲಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆತ್ತಿ ಹಿಡಿದು ಒಂದು ಚಿತ್ರ, ಬಿಟ್ಟು ಒಂದು ಚಿತ್ರ ತೆಗೆಯಿರಿ. ಚೌಕಟ್ಟು ತುಸು ಸರಿಯುವುದು ಸಹಜ. ಎರಡರಲ್ಲಿಯೂ ಅಕ್ಷರಗಳು ಒಂದೇ ರೀತಿ ಚೂಪಾಗಿದ್ದರೆ ನಿಮ್ಮ ಬೆರಳಿಗೆ ಗೊತ್ತಾದ ಅಲುಗಾಟ ಚಿತ್ರಕ್ಕೆ ಗೊತ್ತಾಗಿಲ್ಲ.

ಹಾಗಿದ್ದರೆ ಲೆನ್ಸನ್ನು ಬಿಚ್ಚಿಸಬೇಡಿ ಎಂಬುದೇ ನನ್ನ ಖಚಿತ ಅಭಿಪ್ರಾಯ. ಒಳಗಿನ ಗಾಜುಗಳನ್ನು ಕಾರ್ಖಾನೆಯಲ್ಲಿ ನೇರ ಮಾಡಿ ಕೂರಿಸಿರುತ್ತಾರೆ. ಪೂರ್ತಿ ಬಿಚ್ಚಿದವರು ಮತ್ತೆ ಅದೇ ಜಾಗಕ್ಕೆ ಕೂರಿಸದಿದ್ದರೆ ಬ್ಯಾರೆಲ್ ಬಿಗಿಯಾಗಿ, ಚಿತ್ರದ ಒಂದು ಬದಿ ಮಂದವಾಗಿ ಲೆನ್ಸ್ ಮನೆಗೆ ಬರುತ್ತದೆ. ದೋಷ ಕಂಡುಬಂದರೆ ಮಾತ್ರ ಆ ಚಿತ್ರಗಳನ್ನೇ ಅಂಗಡಿಯವರಿಗೆ ತೋರಿಸಿ, ಯಾವ ಭಾಗ ಬದಲಿಸುತ್ತೀರಿ, ಬದಲಿಸಿದ ಮೇಲೆ ಇದೇ ಪರೀಕ್ಷೆ ಮಾಡಿ ಕೊಡುತ್ತೀರಾ ಎಂದು ಕೇಳಿ. ಅವರು ಹೇಳುವ ಮೊತ್ತ ಇಂಥದೇ ಇನ್ನೊಂದು ಹಳೆಯ ಲೆನ್ಸಿನ ಬೆಲೆಯ ಅರ್ಧ ದಾಟಿದರೆ ನಾನಂತೂ ಕೊಡುವುದಿಲ್ಲ. ಮೌಂಟ್ ಮಾತ್ರ ವಾಲುತ್ತಿದ್ದರೆ ಲೆಕ್ಕ ಬೇರೆ, ಅದು ಚಿಕ್ಕ ಕೆಲಸ, ಬೇಗ ಮಾಡಿಸಿ.

ನಾಲ್ಕು ಮೂಲೆಗಳ ಚಿತ್ರಗಳನ್ನು ಈ ಗುಂಪಿನಲ್ಲಿ ಹಾಕುವುದಾದರೆ ಫೋಟೊ ಎಂದು ಹಾಕದೆ ಡಾಕ್ಯುಮೆಂಟ್ ಎಂದು ಹಾಕಿ, ಇಲ್ಲದಿದ್ದರೆ ಗಾತ್ರ ಕುಗ್ಗಿ ಎಲ್ಲ ಮೂಲೆಗಳೂ ಮಂದವಾಗಿಯೇ ಕಾಣುತ್ತವೆ.