ವೈದ್ಯರಿಗೆ ಕೇಳಿ: ಯಾವ ಮಗುವಿನ ನೆಗಡಿ ಎದೆಗಿಳಿಯುತ್ತದೆ?

ಪ್ರಶ್ನೆ: ನನ್ನ ಐದು ತಿಂಗಳ ಮಗನಿಗೆ ನೆಗಡಿಯಾಗಿ, ಮೂರನೆಯ ದಿನ ಉಸಿರಾಟ ಜೋರಾಯಿತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡಬೇಕಾಯಿತು. ಆರ್‌ಎಸ್‌ವಿ ವೈರಸ್ಸಿನಿಂದ ಬಂದ ಬ್ರಾಂಕಿಯೊಲೈಟಿಸ್ (ಕಿರುಶ್ವಾಸನಾಳಗಳ ಉರಿಯೂತ) ಎಂದರು. ಅದೇ ವಾರ ನೆಗಡಿಯಾಗಿದ್ದ ನಮ್ಮ ಅಕ್ಕನ ಮಗಳು ಮನೆಯಲ್ಲೇ ಗುಣವಾದಳು. ಮೊದಲ ದಿನವೇ ಮಾಡಿಸಿದ್ದ ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ ಸರಿಯಾಗಿಯೇ ಇತ್ತು. ಕಾಯಿಲೆ ಹೀಗೆ ಉಲ್ಬಣಿಸುತ್ತದೆಂದು ಮೊದಲೇ ತಿಳಿಸುವ ಬೇರೆ ಪರೀಕ್ಷೆ ಇಲ್ಲವೇ? ನನ್ನ ಮಗನಿಗೆ ರೋಗನಿರೋಧಕ ಶಕ್ತಿ ಕಡಿಮೆಯೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಸಿಆರ್‌ಪಿ ವಿಚಾರ. ದೇಹದಲ್ಲಿ ಉರಿಯೂತ ಶುರುವಾದಾಗ ಯಕೃತ್ತು ತಯಾರಿಸುವ ಪ್ರೋಟೀನ್ ಇದು. ರಕ್ತದಲ್ಲಿ ಇದು ಏರತೊಡಗಲು ಕೆಲವು ಗಂಟೆಗಳೂ, ಗರಿಷ್ಠ ಮಟ್ಟ ಮುಟ್ಟಲು ಸುಮಾರು ಎರಡು ದಿನಗಳೂ ಬೇಕು. ಆದ್ದರಿಂದ ಮೊದಲ ದಿನದ ಫಲಿತಾಂಶಕ್ಕೆ ಹೆಚ್ಚಿನ ಬೆಲೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಿಆರ್‌ಪಿ ಮತ್ತು ಪ್ರೊಕ್ಯಾಲ್ಸಿಟೊನಿನ್ ಪರೀಕ್ಷೆಗಳನ್ನು ವೈದ್ಯರು ಬರೆದುಕೊಡುವುದು ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಬಂದಾಗ. ಆಮ್ಲಜನಕ ಬೇಕಾಗುವಷ್ಟು ಕಾಯಿಲೆಯಾದ ಆರ್‌ಎಸ್‌ವಿ ಮಗುವಿನಲ್ಲೂ ಸಿಆರ್‌ಪಿ ಕಡಿಮೆಯೇ ಇರಬಹುದು; ಅಡಿನೋವೈರಸ್ ತಗುಲಿ ಜ್ವರ ಬಂದರೂ ಚೆನ್ನಾಗಿಯೇ ಉಸಿರಾಡುತ್ತಿರುವ ಮಗುವಿನಲ್ಲಿ ಅದು ಗಾಬರಿ ಹುಟ್ಟಿಸುವಷ್ಟು ಏರಿರಬಹುದು. ನಿಮಗೆ ಬೇಕಾಗಿದ್ದ ಉತ್ತರವನ್ನು ಕೊಡುವ ಪರೀಕ್ಷೆಯೇ ಅದಲ್ಲ.

ನಿಮ್ಮ ಮಗನ ರೋಗನಿರೋಧಕ ಶಕ್ತಿ ಕಡಿಮೆಯೆಂದು ಈ ಒಂದು ಕಾಯಿಲೆಯಿಂದ ತೀರ್ಮಾನಿಸಬೇಡಿ. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಆರ್‌ಎಸ್‌ವಿ ಒಮ್ಮೆಯಾದರೂ ತಗುಲುತ್ತದೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 36 ಲಕ್ಷ ಮಕ್ಕಳು ಇದರಿಂದ ಆಸ್ಪತ್ರೆ ಸೇರಿದರೆಂದು ಅಂದಾಜು. ಹೀಗೆ ಸೇರುವ ಮಕ್ಕಳಲ್ಲಿ ಹೆಚ್ಚಿನವರು ತಿಂಗಳು ತುಂಬಿ ಹುಟ್ಟಿದ, ಬೇರಾವ ತೊಂದರೆಯೂ ಇರದ ಮಕ್ಕಳೇ. ಆರು ತಿಂಗಳೊಳಗಿನ ಕೂಸಿನ ಕಿರುಶ್ವಾಸನಾಳಗಳು ತೀರಾ ಸಣ್ಣವು. ಊತ ಮತ್ತು ಕಫದಿಂದ ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ಗಾಳಿಯ ಹರಿವಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಹೆಚ್ಚುತ್ತದೆ. ದೊಡ್ಡ ಮಕ್ಕಳಲ್ಲಿ ಬರೀ ಕೆಮ್ಮು ತರಿಸುವ ಊತ, ಕೂಸಿನಲ್ಲಿ ಉಸಿರನ್ನೇ ಕಟ್ಟಿಸುವುದು ಈ ಕಾರಣದಿಂದ. ನಿಮ್ಮ ಅಕ್ಕನ ಮಗಳ ವಯಸ್ಸನ್ನು ನೀವು ಬರೆದಿಲ್ಲ. ಅವಳು ದೊಡ್ಡವಳಾಗಿದ್ದರೆ ಅರ್ಧ ಉತ್ತರ ಅಲ್ಲೇ ಇದೆ.

ಉಳಿದರ್ಧವನ್ನು ಸಂಶೋಧಕರು ರೋಗನಿರೋಧಕ ವ್ಯವಸ್ಥೆಯ ಸೂಚಕಗಳಲ್ಲಿ ಹುಡುಕುತ್ತಿದ್ದಾರೆ. ಕಾಯಿಲೆ ಜೋರಾದ ಮಗುವಿನಲ್ಲಿ ದೇಹದ ಪ್ರತಿಕ್ರಿಯೆಯೂ ಅತಿಯಾಗಿರುತ್ತದೆ ಎಂದೇ ಬಹುಕಾಲದವರೆಗೆ ಭಾವಿಸಲಾಗಿತ್ತು. ಹಲವು ಅಧ್ಯಯನಗಳಲ್ಲಿ ಕಂಡದ್ದು ಬೇರೆ. ವೈರಸ್ ಹೊಕ್ಕ ಜೀವಕೋಶ ಮೊದಲು ಹೊರಸೂಸುವುದು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು. ಆರ್‌ಎಸ್‌ವಿಗೆ ಇದನ್ನು ಅಡಗಿಸುವ ಕಲೆ ಚೆನ್ನಾಗಿ ಗೊತ್ತು; ಅದರ ಎನ್‌ಎಸ್1, ಎನ್‌ಎಸ್2 ಎಂಬ ಎರಡು ಪ್ರೋಟೀನುಗಳಿಗೆ ಇದೇ ಮುಖ್ಯ ಕಸುಬು. ತೀವ್ರ ಕಾಯಿಲೆಯಾದ ಮಕ್ಕಳಲ್ಲಿ ಇಂಟರ್‌ಫೆರಾನ್ ಪ್ರತಿಕ್ರಿಯೆ ಸೌಮ್ಯ ಕಾಯಿಲೆಯ ಮಕ್ಕಳಿಗಿಂತ ದುರ್ಬಲವಾಗಿರುವುದು, ವೈರಸ್ಸಿನ ವಿರುದ್ಧ ಹೋರಾಡುವ ಟಿ ಕೋಶ ಮತ್ತು ಎನ್‌ಕೆ ಕೋಶಗಳ ಚಟುವಟಿಕೆ ತಗ್ಗಿರುವುದು, ಅದೇ ಹೊತ್ತಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸನಾಳದಲ್ಲಿ ಕಿಕ್ಕಿರಿದಿರುವುದು ಕಂಡುಬಂದಿದೆ. ಆ ಕಣಗಳನ್ನು ಕರೆತರುವ ಇಂಟರ್‌ಲ್ಯೂಕಿನ್-8 ಮೂಗಿನ ದ್ರವದಲ್ಲಿ ಹೆಚ್ಚಿದ್ದಷ್ಟೂ ಕಾಯಿಲೆ ಜೋರಾಗಿರುವ ಸಂಭವವೂ ಹೆಚ್ಚು. ಎಂದರೆ ಇಲ್ಲಿ ಶಕ್ತಿ ಹೆಚ್ಚೋ ಕಡಿಮೆಯೋ ಎಂದು ಕೇಳುವುದಕ್ಕಿಂತ, ಸರಿಯಾದ ಪಡೆ ಸರಿಯಾದ ಹೊತ್ತಿಗೆ ಬಂತೇ ಎಂದು ಕೇಳಬೇಕು.

ಇದಕ್ಕೆ ಕಹಿಯಾದ ಒಂದು ಉದಾಹರಣೆಯಿದೆ. 1966ರ ಸುಮಾರಿಗೆ ಅಮೆರಿಕದಲ್ಲಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆರ್‌ಎಸ್‌ವಿ ಲಸಿಕೆಯನ್ನು ಕೂಸುಗಳಿಗೆ ಕೊಟ್ಟು ನೋಡಿದರು. ಪ್ರತಿಕಾಯಗಳೇನೋ ಹುಟ್ಟಿದವು, ಆದರೆ ಅವು ವೈರಸ್ಸನ್ನು ಸರಿಯಾಗಿ ತಡೆಯುವಂಥವಲ್ಲ. ಮುಂದೆ ನಿಜವಾದ ಸೋಂಕು ತಗುಲಿದಾಗ ಆ ಮಕ್ಕಳಲ್ಲಿ ನೂರಕ್ಕೆ 80 ಮಂದಿ ಆಸ್ಪತ್ರೆ ಸೇರಬೇಕಾಯಿತು, ಇಬ್ಬರು ತೀರಿಕೊಂಡರು. ಲಸಿಕೆ ಪಡೆಯದ ಗುಂಪಿನಲ್ಲಿ ಆಸ್ಪತ್ರೆ ಸೇರಿದವರು ನೂರಕ್ಕೆ 5ರಷ್ಟು ಮಾತ್ರ. ಆರ್‌ಎಸ್‌ವಿ ಲಸಿಕೆಯ ಕೆಲಸ ಮುಂದಿನ ಹಲವು ದಶಕ ಹಿಂದೆ ಬಿದ್ದದ್ದು ಇದರಿಂದ.

ಇಷ್ಟೆಲ್ಲ ತಿಳಿದಿದ್ದರೂ ಈ ಸೂಚಕಗಳು ನಿಮ್ಮ ಊರಿನ ಪ್ರಯೋಗಾಲಯದ ಪಟ್ಟಿಯಲ್ಲಿ ಏಕಿಲ್ಲ? ದೊಡ್ಡ ತೊಡಕು ಸಮಯದ್ದು. ಇಂಟರ್‌ಫೆರಾನ್ ಸೋಂಕಿನ ಮೊದಲ ದಿನಗಳಲ್ಲಿ ಏರಿ ಬೇಗ ಇಳಿಯುತ್ತದೆ. ಎರಡನೆಯ ದಿನ ತೆಗೆದ ಮಾದರಿಗೂ ಐದನೆಯ ದಿನ ತೆಗೆದ ಮಾದರಿಗೂ ಹೋಲಿಕೆಯೇ ಇರುವುದಿಲ್ಲ. ಸೋಂಕು ತಗುಲಿದ ದಿನ ತಾಯಿಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ಮೂಗಿನಲ್ಲಿ ಕಾಣುವುದು ರಕ್ತದಲ್ಲಿ ಕಾಣದಿರಬಹುದು. ಎರಡು ತಿಂಗಳ ಕೂಸಿಗೆ ಸಹಜವಾದ ಮಟ್ಟ ಎರಡು ವರ್ಷದ ಮಗುವಿಗೆ ಸಹಜವಲ್ಲ. ಇನ್ನು ಸೌಮ್ಯ ಗುಂಪಿನ ಸರಾಸರಿಗೂ ತೀವ್ರ ಗುಂಪಿನ ಸರಾಸರಿಗೂ ಸ್ಪಷ್ಟ ಅಂತರವಿದ್ದರೂ, ಒಂದೊಂದೇ ಮಗುವಿನ ಅಂಕಿ ತೆಗೆದುಕೊಂಡರೆ ಎರಡೂ ಗುಂಪುಗಳು ಒಂದರೊಳಗೊಂದು ಬೆರೆತಿರುತ್ತವೆ. ಪ್ರಬಂಧ ಬರೆಯಲು ಆ ಅಂತರ ಸಾಕು, ಮಗುವನ್ನು ಮನೆಗೆ ಕಳಿಸಲು ಸಾಲದು. ರಕ್ತಕೋಶಗಳ ನೂರಾರು ಜೀನುಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆಯುವ ವಿಧಾನದ ಬಗ್ಗೆ ನನಗೆ ಹೆಚ್ಚು ಭರವಸೆಯಿದೆ. ಆದರೆ ಅದೂ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ.

ಒಂದು ಅಪವಾದ ಹೇಳಬೇಕು. ಮಗುವಿಗೆ ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತಿದ್ದರೆ, ಸಾಧಾರಣ ವೈರಸ್ಸೊಂದು ವೆಂಟಿಲೇಟರ್‌ವರೆಗೆ ಒಯ್ದಿದ್ದರೆ, ಅಥವಾ ಮನೆತನದಲ್ಲಿ ಚಿಕ್ಕಂದಿನಲ್ಲೇ ಸೋಂಕಿನಿಂದ ಮಕ್ಕಳು ತೀರಿಕೊಂಡಿದ್ದರೆ, ರೋಗನಿರೋಧಕ ವ್ಯವಸ್ಥೆಯ ತಜ್ಞರನ್ನು ಕಾಣಲೇಬೇಕು. ಸಾಮಾನ್ಯ ಫ್ಲೂ ಪ್ರಾಣಾಪಾಯಕ್ಕೆ ತಂದಿದ್ದ ಒಬ್ಬ ಪುಟ್ಟ ಹುಡುಗಿಯಲ್ಲಿ ಇಂಟರ್‌ಫೆರಾನ್ ತಯಾರಿಕೆಗೆ ಬೇಕಾದ ಐಆರ್‌ಎಫ್7 ಎಂಬ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದವೆಂದು 2015ರಲ್ಲಿ ವರದಿಯಾಯಿತು. ಇಂಥವು ತೀರಾ ಅಪರೂಪ. ನೀವು ಬರೆದಿರುವುದರಲ್ಲಿ ಆ ಅನುಮಾನಕ್ಕೆ ಎಡೆಯಿಲ್ಲ.

ಪ್ರಶ್ನೆ: 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಮಕ್ಕಳಲ್ಲಿ ಉಸಿರಾಟದ ಸೋಂಕು ತರುವ ಎಚ್‌ಎಂಪಿವಿ ವೈರಸ್ ಪತ್ತೆಯಾದ ಸುದ್ದಿ ಓದಿದಂದಿನಿಂದ ನನಗೆ ಭಯ. ಮೊಮ್ಮಗಳಿಗೆ ನೆಗಡಿಯಾದಾಗ ಫೆರಿಟಿನ್, ಡಿ-ಡೈಮರ್, ಇಂಟರ್‌ಲ್ಯೂಕಿನ್-6 ಸೇರಿದ ರಕ್ತಪರೀಕ್ಷೆಗಳ ಪ್ಯಾಕೇಜ್ ಮಾಡಿಸಲೇ?
– ಅಜ್ಜ, ಮೈಸೂರು

ಉತ್ತರ: ಬೇಡ. ಎಚ್‌ಎಂಪಿವಿ ಹೊಸ ವೈರಸ್ಸಲ್ಲ. 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಗುರುತಿಸಿದ್ದು, ಅದಕ್ಕೂ ಬಹಳ ಹಿಂದಿನಿಂದ ಮಕ್ಕಳಲ್ಲಿ ಓಡಾಡಿಕೊಂಡಿದ್ದದ್ದು. ನೀವು ಹೇಳುವ ಪರೀಕ್ಷೆಗಳು ಕೋವಿಡ್ ಕಾಲದಲ್ಲಿ ಆಸ್ಪತ್ರೆ ಸೇರಿದ ರೋಗಿಗಳಿಗೂ, ಕೋವಿಡ್ ನಂತರ ಕೆಲವು ಮಕ್ಕಳಲ್ಲಿ ಕಂಡ ಬಹು ಅಂಗಗಳ ಉರಿಯೂತಕ್ಕೂ ಬಳಕೆಗೆ ಬಂದು, ಆಮೇಲೆ ಪ್ಯಾಕೇಜಿನ ರೂಪದಲ್ಲಿ ಉಳಿದುಕೊಂಡವು. ಆಡಿಕೊಂಡು, ಉಂಡುಕೊಂಡು ಇರುವ ಮಗುವಿನಲ್ಲಿ ಇವುಗಳಲ್ಲೊಂದು ಸ್ವಲ್ಪ ಏರಿದೆಯೆಂದು ಗೊತ್ತಾದರೆ ಚಿಕಿತ್ಸೆಯಲ್ಲಿ ಬದಲಾವಣೆ ಏನೂ ಆಗುವುದಿಲ್ಲ. ಬದಲಾದರೆ ಅನಗತ್ಯ ಆಂಟಿಬಯಾಟಿಕ್‌ನ ಕಡೆಗೆ ಬದಲಾಗುತ್ತದೆ, ಅದು ಕೇಡೇ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮ ಹಳ್ಳಿಗೆ ಪ್ರಯೋಗಾಲಯ ದೂರ. ಕೆಮ್ಮಿರುವ ಮಕ್ಕಳಲ್ಲಿ ಯಾರನ್ನು ಕೂಡಲೇ ಕಳಿಸಬೇಕೆಂದು ತಾಯಂದಿರಿಗೆ ಹೇಗೆ ವಿವರಿಸಲಿ?
– ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ನಿಮ್ಮ ಕೈಯಲ್ಲಿರುವ ಗಡಿಯಾರ ಈ ಕೆಲಸಕ್ಕೆ ಇವತ್ತಿಗೂ ಮೇಲೆ ಹೇಳಿದ ಯಾವ ಸೂಚಕಕ್ಕಿಂತ ಹೆಚ್ಚು ಉಪಯುಕ್ತ. ಮಗು ಅಳದೆ, ಹಾಲು ಕುಡಿಯದೆ ತಾಯಿಯ ಮಡಿಲಲ್ಲಿ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಮತ್ತು ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ; ಕೂಸುಗಳ ಉಸಿರು ನಡುನಡುವೆ ನಿಧಾನವಾಗಿ ಮತ್ತೆ ಜೋರಾಗುವುದರಿಂದ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ವಿಶ್ವ ಆರೋಗ್ಯ ಸಂಸ್ಥೆಯ ಈ ಮಿತಿಗಳನ್ನು ನಿಮ್ಮ ತರಬೇತಿಯಲ್ಲೂ ಕೇಳಿರುತ್ತೀರಿ.

ಎಣಿಸುವಾಗಲೇ ಪಕ್ಕೆಯ ಕೆಳಭಾಗ ನೋಡಿ: ಉಸಿರೆಳೆದಾಗ ಅದು ಒಳಕ್ಕೆ ಸೆಳೆಯುತ್ತಿದ್ದರೆ ಎಣಿಕೆ ಎಷ್ಟೇ ಇರಲಿ, ವೈದ್ಯರಿಗೆ ತೋರಿಸಲೇಬೇಕು. ಮೊಲೆ ಹಿಡಿದು ಎರಡು ಗುಟುಕಿಗೆ ಬಿಟ್ಟು ಏದುಸಿರು ಬಿಡುವ ಕೂಸು, ದಿನವೂ ಕುಡಿಯುವುದರಲ್ಲಿ ಅರ್ಧವನ್ನೂ ಕುಡಿಯದ ಕೂಸು, ಎಬ್ಬಿಸಿದರೂ ಮಂಪರಿನಲ್ಲಿರುವ ಕೂಸು, ತುಟಿ ನೀಲಿಗಟ್ಟಿದ ಕೂಸು, ಉಸಿರು ಆಗಾಗ ನಿಂತು ಮತ್ತೆ ಶುರುವಾಗುವ ಕೂಸು, ಇವನ್ನು ಆ ಕ್ಷಣವೇ ಆಸ್ಪತ್ರೆಗೆ ಕಳಿಸಿ. ಆಕ್ಸಿಮೀಟರ್ ಇದ್ದು ಅದು 90ಕ್ಕಿಂತ ಕಡಿಮೆ ತೋರಿಸಿದರೂ ಹಾಗೆಯೇ; ಆದರೆ ದೊಡ್ಡವರ ಬೆರಳಿಗೆ ಹಾಕುವ ಕ್ಲಿಪ್ಪನ್ನು ಕೂಸಿನ ಬೆರಳಿಗೆ ಹಾಕಿ, ಒಳ್ಳೆಯ ಅಂಕಿ ಬಂತೆಂದು ಸಮಾಧಾನಪಡಬೇಡಿ. ತಿಂಗಳು ತುಂಬುವ ಮುನ್ನ ಹುಟ್ಟಿದ ಮಕ್ಕಳು, ಹೃದಯದ ತೊಂದರೆಯಿರುವವರು ಮತ್ತು ಮೂರು ತಿಂಗಳೊಳಗಿನವರ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ತಾಯಿಯ ಪ್ರತಿಕಾಯಗಳು ಮಗುವಿಗೆ ಹೆಚ್ಚಾಗಿ ದಾಟುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಬೇಗ ಹುಟ್ಟಿದ ಮಗುವಿಗೆ ಆ ಪಾಲು ಪೂರ್ತಿ ಸಿಕ್ಕಿರುವುದಿಲ್ಲ. ಇಂಥ ಮನೆಗಳಿಗೆ ನೆಗಡಿಯ ಮೂರನೆಯ ದಿನದಿಂದ ಐದನೆಯ ದಿನದವರೆಗೆ ತಪ್ಪದೆ ಹೋಗಿ ಬನ್ನಿ, ಏಕೆಂದರೆ ಬ್ರಾಂಕಿಯೊಲೈಟಿಸ್ ಜೋರಾಗುವುದು ಸಾಮಾನ್ಯವಾಗಿ ಆ ದಿನಗಳಲ್ಲೇ.