ದಾವಣಗೆರೆ ಅಂಚಿನ ನಮ್ಮ ಸರ್ಕಾರಿ ಹೈಸ್ಕೂಲಿಗೆ ಐವತ್ತು ವರ್ಷ. ಅದರ ಇತಿಹಾಸ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆ ಅರ್ಥವಾಯಿತು. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸ್ಮರಣ ಸಂಚಿಕೆ ತರುತ್ತಿದ್ದೀರಿ. ಶಾಲೆಯ ಕಥೆ ಬರೆಯಲು ಕೂತರೆ ಗೋಡೆಯ ಉದ್ಘಾಟನೆ ಕಲ್ಲು ಬಿಟ್ಟು ಬೇರೇನೂ ಕೈಗೆ ಸಿಗುತ್ತಿಲ್ಲ. ದಾವಣಗೆರೆ ಹೊರವಲಯದ ಇಂಥದ್ದೇ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ನಮ್ಮಲ್ಲೂ ಒಂದು ಸಂಚಿಕೆ ಬಂತು. ಕನ್ನಡ ಮೇಷ್ಟ್ರು ಅಂದಮೇಲೆ ಆ ಕೆಲಸ ಯಾರ ತಲೆಗೆ ಬೀಳುತ್ತದೆ ಅಂತ ಬೇರೆ ಹೇಳಬೇಕಾ?

ಮೊದಲು ಆ ಕಲ್ಲನ್ನು ಬಿಡಿ. ಅದರಲ್ಲಿರುವುದು ಮಂತ್ರಿಗಳ ಹೆಸರು, ಶಾಸಕರ ಹೆಸರು, ಗುತ್ತಿಗೆದಾರರ ಹೆಸರು. ದಿನಾಂಕ ಕೂಡ ಕಟ್ಟಡದ್ದು, ಶಾಲೆಯದ್ದಲ್ಲ. ಶಾಲೆ ಶುರುವಾಗಿ ಎಷ್ಟೋ ವರ್ಷದ ಮೇಲೆ ಕಟ್ಟಡ ಬಂದಿರುತ್ತದೆ. ಅಲ್ಲಿವರೆಗೆ ಪ್ರೈಮರಿ ಶಾಲೆಯ ಎರಡು ಕೋಣೆ, ಇಲ್ಲಾ ದೇವಸ್ಥಾನದ ಪೌಳಿ. ನಮ್ಮ ಶಾಲೆಯೂ ಹಾಗೇ ಶುರುವಾದದ್ದು.

ಹೆಡ್‌ಮಾಸ್ಟರ್ ರೂಮಿನ ಬೀರು ತೆಗೆಸಿ. ಅಡ್ಮಿಷನ್ ರಿಜಿಸ್ಟರ್ ಕೇಳಿ. ಶಾಶ್ವತ ದಾಖಲೆ ಅದು, ಯಾರೂ ರದ್ದಿಗೆ ಹಾಕುವಂತಿಲ್ಲ. ಮೊದಲ ಸಂಪುಟದ ಕ್ರಮಸಂಖ್ಯೆ ಒಂದರ ಮುಂದೆ ಬರೆದ ತಾರೀಕೇ ನಿಮ್ಮ ಶಾಲೆಯ ಹುಟ್ಟಿದ ದಿನ ಅಂದುಕೊಳ್ಳಿ. ಸರ್ಕಾರಿ ಆದೇಶ ಅದಕ್ಕಿಂತ ಹಿಂದಿನದೋ ಮುಂದಿನದೋ ಆಗಿರಬಹುದು. ಅದೂ ಬೇಕು ಅನ್ನಿಸಿದರೆ ಒಂದು ವಿಷಯ ನೆನಪಿಡಿ. ದಾವಣಗೆರೆ ಜಿಲ್ಲೆಯಾಗಿದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚೆ ನಾವು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಹಾಗಾಗಿ ಐವತ್ತು ವರ್ಷದ ಹಿಂದಿನ ಕಡತಕ್ಕೆ ಇಲ್ಲಿಯ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಆಫೀಸಿನಲ್ಲಿ ಸುಮ್ನೆ ಕಾಯಬೇಡಿ, ಚಿತ್ರದುರ್ಗದ ಆಫೀಸಿನಲ್ಲೂ ವಿಚಾರಿಸಿ. ನಿಮ್ಮ ಶಾಲೆ ಯಾವುದಾದರೂ ಕಾಲದಲ್ಲಿ ಜೂನಿಯರ್ ಕಾಲೇಜಿನ ಹೈಸ್ಕೂಲ್ ವಿಭಾಗವಾಗಿದ್ದರೆ ಹಳೇ ಪುಸ್ತಕಗಳು ಕಾಲೇಜಿನ ಬೀರುವಿನಲ್ಲೇ ಉಳಿದಿರುವುದೂ ಉಂಟು.

ಈಗ ರಿಜಿಸ್ಟರ್ ತೆರೆದು ಕೂತು ಓದಿ. ನಾನಂತೂ ತಾರೀಕು ನೋಡಲು ತೆಗೆದವನು ಸಂಜೆವರೆಗೆ ಎದ್ದಿರಲಿಲ್ಲ. ಬಟ್ಟೆ ಬೈಂಡಿನ ಉದ್ದನೆಯ ಪುಸ್ತಕ, ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ಒಬ್ಬ ಗುಮಾಸ್ತರ ಅಕ್ಷರ ಮುತ್ತು ಪೋಣಿಸಿದ ಹಾಗೆ, ಅವರ ವರ್ಗವಾದ ಮೇಲೆ ಬಂದವರ ಅಕ್ಷರ ಅವರಿಗೇ ಗೊತ್ತಾಗಬೇಕು. ಹುಟ್ಟಿದ ತಾರೀಕಿನ ಕಾಲಂ ನೋಡಿದರೆ ಸಾಲುಸಾಲು ಜೂನ್ 1. ಮನೆಯಲ್ಲಿ ತಾರೀಕು ಬರೆದಿಟ್ಟವರು ಯಾರು? ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಲೆಕ್ಕ ಹಾಕಿ ಬರೆದದ್ದೇ ಮುಂದೆ ಹೈಸ್ಕೂಲಿಗೂ ಬಂತು, ಪಿಂಚಣಿವರೆಗೂ ಹೋಯಿತು. ನನ್ನ ಹುಟ್ಟಿದ ದಿನವೂ ಜೂನ್ 1ನೇ, ಬಿಡಿ.

ನನಗೆ ಕೇಳಿದರೆ ಇಡೀ ಪುಸ್ತಕದಲ್ಲಿ ಓದಬೇಕಾದ ಕಾಲಂ ಒಂದೇ: ಪೋಷಕರ ಉದ್ಯೋಗ. ಊರಂಚಿನ ಶಾಲೆಯ ಇತಿಹಾಸ ಅಂದರೆ ಅದೇ. ಶುರುವಿನ ಪುಟಗಳಲ್ಲಿ ‘ಒಕ್ಕಲುತನ’ ಮತ್ತು ‘ಮಿಲ್ ಕೂಲಿ’ ಎರಡೇ ಜಾಸ್ತಿ. ದಾವಣಗೆರೆಯಲ್ಲಿ ಕಾಟನ್ ಮಿಲ್ಲು ಬಂದದ್ದು 1930ರ ದಶಕದಲ್ಲಿ. ಆಮೇಲೆ ಒಂದರ ಹಿಂದೆ ಒಂದು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರೇ ಬಿತ್ತು. ಮಿಲ್ಲಿನವರಿಗೆ ತಿಂಗಳ ಸಂಬಳ, ಪಾಳಿ ಕೆಲಸ. ಮಕ್ಕಳು ತಪ್ಪದೆ ಶಾಲೆಗೆ ಬರುತ್ತಿದ್ದರು. ಪುಟ ತಿರುಗಿಸುತ್ತಾ ಹೋದ ಹಾಗೆ ‘ಮಿಲ್’ ಕಮ್ಮಿಯಾಗಿ ‘ಹಮಾಲಿ’, ‘ಗಾರೆ ಕೆಲಸ’, ‘ಕೂಲಿ’ ಬರುತ್ತದೆ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲ ಅದು. ಅದೇ ಪುಟಗಳ ಕೊನೆ ಕಾಲಂ ನೋಡಿ, ಶಾಲೆ ಬಿಟ್ಟ ಕಾರಣ. ಮುಂಚೆ ‘ಎಸ್ಎಸ್ಎಲ್‌ಸಿ ಮುಗಿದಿದೆ’ ಅಂತ ಇದ್ದ ಕಡೆ ‘ನಿರಂತರ ಗೈರುಹಾಜರಿ’ ಅಂತ ಬರುತ್ತದೆ. ಒಂಬತ್ತನೇ ಕ್ಲಾಸಿನ ನಡುವೆ ಹುಡುಗ ಬರುವುದು ನಿಲ್ಲಿಸಿದ ಅಂತ ಅರ್ಥ. ಮಿಲ್ ಮುಚ್ಚಿದ್ದರ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ. ಈ ಎರಡು ಪದದಷ್ಟು ಯಾವುದೂ ತಟ್ಟಲಿಲ್ಲ.

ಇನ್ನೂ ಮುಂದೆ ಹೋದರೆ ಆಟೋ ಡ್ರೈವರ್, ಗ್ಯಾರೇಜ್, ಟೈಲರ್, ಮಂಡಕ್ಕಿ ಭಟ್ಟಿ. ಭಟ್ಟಿ ಮನೆಯ ಹುಡುಗರು ನಮ್ಮಲ್ಲಿ ಬಹಳ ಇದ್ದರು. ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸಕ್ಕೆ ಬೆಳಗಿನ ಜಾವವೇ ಏಳಬೇಕು. ಅಪ್ಪ-ಅಮ್ಮನಿಗೆ ಕೈ ಜೋಡಿಸಿ ಬಂದವರು ಮೊದಲನೇ ಪೀರಿಯಡ್‌ನಲ್ಲಿ ತೂಕಡಿಸುತ್ತಿದ್ದರು. ಅಂಗಿಯಿಂದ ಹೊಗೆ ವಾಸನೆ ಬರುತ್ತಿತ್ತು. ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ. ಹಳಗನ್ನಡ ಪದ್ಯ ನನಗಿಂತ ಚೆನ್ನಾಗಿ ರಾಗವಾಗಿ ಓದುತ್ತಿದ್ದವನು ಇದೇ ಭಟ್ಟಿ ಓಣಿಯ ಹುಡುಗ.

ಸಂಚಿಕೆಯಲ್ಲಿ ಇನ್ನೊಂದು ವಿಷಯ ಬಿಡಬೇಡಿ. ಇಂಥ ಶಾಲೆಗಳು ಬರುವ ಮುಂಚೆ ಹೈಸ್ಕೂಲು ಅಂದರೆ ಪೇಟೆಯದ್ದು. ಈಗಲೂ ಊರ ನಡುವಿನ ಬಯಲಿಗೆ ಹೈಸ್ಕೂಲ್ ಮೈದಾನ ಅಂತಲೇ ಅನ್ನುತ್ತೇವಲ್ಲ. ಅಂಚಿನ ಹಳ್ಳಿಗಳ ಗಂಡುಹುಡುಗರು ಅಲ್ಲಿವರೆಗೆ ನಡೆದು ಹೋಗುತ್ತಿದ್ದರು, ಹೆಣ್ಣುಮಕ್ಕಳ ಓದು ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಮನೆ ಹತ್ತಿರ ಹೈಸ್ಕೂಲ್ ಆಗಿದ್ದೇ ಅವರು ಎಂಟಕ್ಕೆ ಬಂದರು. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುವಾಯಿತು. ಮರುವರ್ಷ ಬಿಸಿಯೂಟ ಹೈಸ್ಕೂಲಿಗೂ ಬಂತು. ಈ ಎರಡೂ ಬಂದ ಮೇಲೆ ನಮ್ಮ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಸಾಲು ಉದ್ದವಾಯಿತು. ಭದ್ರಾ ನಾಲೆ ಆಚೆಯ ಹಳ್ಳಿಗಳಿಂದಲೂ ಬಂದರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಮಾತ್ರ ಗಂಡು-ಹೆಣ್ಣು ಅಂತಿಲ್ಲ, ಕ್ಲಾಸು ಪೂರ್ತಿ ಖಾಲಿ. ಮನೆ ತುಂಬ ನೆಂಟರಿರುವಾಗ ಸಮೀಕರಣ ಬಿಡಿಸಲು ಯಾರು ಬರುತ್ತಾರೆ?

ಇನ್ನು ಜನರ ಹತ್ತಿರ ಕೇಳುವ ವಿಚಾರ. ನೀವು ಮೊದಲು ನಿವೃತ್ತ ಹೆಡ್‌ಮಾಸ್ಟರುಗಳ ಮನೆಗೆ ಹೋಗುತ್ತೀರಿ, ಹೋಗಿ. ಆದರೆ ನಾವು ಮೇಷ್ಟ್ರುಗಳು ವರ್ಗವಾಗಿ ಬಂದು ವರ್ಗವಾಗಿ ಹೋಗುವವರು. ಶಾಲೆಯ ಒಳಹೊರಗು ಗೊತ್ತಿರುವುದು ಜವಾನರಿಗೆ, ಅಡುಗೆ ಅಮ್ಮಂದಿರಿಗೆ. ಅವರು ಅದೇ ಓಣಿಯವರು. ಹಳೇ ಗ್ರೂಪ್ ಫೋಟೋ ಒಂದನ್ನು ನಮ್ಮ ನಿವೃತ್ತ ಜವಾನರ ಮುಂದೆ ಇಟ್ಟೆ. ಮುಂದಿನ ಸಾಲಿನ ಹುಡುಗನ ಕೈಯಲ್ಲಿ ‘10ನೇ ಬಿ’ ಅಂತ ಬರೆದ ಸ್ಲೇಟು, ನಡುವೆ ಕುರ್ಚಿ ಮೇಲೆ ಹೆಡ್‌ಮಾಸ್ಟರ್, ತುದಿಯಲ್ಲಿ ಗಂಟೆ ಹೊಡೆಯುವ ರೈಲು ಕಂಬಿಯ ಪಕ್ಕ ಇವರೇ ನಿಂತಿದ್ದಾರೆ. ಕನ್ನಡಕ ಹಾಕಿಕೊಂಡು ಒಬ್ಬೊಬ್ಬರ ಮೇಲೂ ಬೆರಳಿಟ್ಟರು. ‘ಇವ್ನು ಈಗ ಎಪಿಎಂಸೀಲಿ ಮಂಡಿ ಇಟ್ಟಾನೆ. ಈಕೆ ನರ್ಸು. ಇವ್ನ ಮಗ್ಳೂ ಇಲ್ಲೇ ಓದಿದ್ಲು.’ ಇಡೀ ಅಧ್ಯಾಯ ಅವರ ಬಾಯಲ್ಲೇ ಬಂತು. ಹೆಡ್‌ಮಾಸ್ಟರುಗಳ ಪಟ್ಟಿ ಪೇಂಟ್ ಮಾಡಿ ಗೋಡೆಗೆ ಹಾಕಿರುತ್ತಾರೆ. ಗಂಟೆ ಹೊಡೆದವರ, ಅನ್ನ ಬಡಿಸಿದವರ ಪಟ್ಟಿ ಎಲ್ಲೂ ಇರುವುದಿಲ್ಲ. ದಯವಿಟ್ಟು ನೀವು ಅದನ್ನು ಮಾಡಿ.

ಫಲಿತಾಂಶದ ಗ್ರಾಫ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಹಾಕುವುದಾದರೆ ಹುಷಾರು. 2023ರಲ್ಲಿ ರಾಜ್ಯದ ಎಸ್ಎಸ್ಎಲ್‌ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕ ಜಾಸ್ತಿ ಕೊಟ್ಟರೂ ಅದು ಶೇ 73.40ಕ್ಕೆ ಇಳಿಯಿತು. ನಿಮ್ಮ ಶಾಲೆಯ ಗೆರೆ ಆ ವರ್ಷ ಕೆಳಗೆ ಬಿದ್ದಿದ್ದರೆ ಈಗಿನ ಮೇಷ್ಟ್ರುಗಳ ಮೇಲೆ ಎಗರಬೇಡಿ.

ಕೊನೆಯದಾಗಿ ಎರಡು ಕೆಲಸದ ಮಾತು. ರಿಜಿಸ್ಟರ್ ನೋಡಲು ಹೆಡ್‌ಮಾಸ್ಟರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಪ್ಪಿಗೆ ಪಡೆಯಿರಿ. ಪುಸ್ತಕ ಶಾಲೆಯಿಂದ ಹೊರಗೆ ಒಯ್ಯಬೇಡಿ, ಬೇಕಾದ ಪುಟದಿಂದ ಅಲ್ಲೇ ಕೂತು ಟಿಪ್ಪಣಿ ಮಾಡಿಕೊಳ್ಳಿ. ಜಾತಿ ಕಾಲಂ, ಅಂಕ, ಶಾಲೆ ಬಿಟ್ಟ ಕಾರಣ ಇವನ್ನು ಯಾರ ಹೆಸರಿನ ಜೊತೆಗೂ ಅಚ್ಚು ಹಾಕಬೇಡಿ. ಆ ಮಕ್ಕಳಿಗೆ ಈಗ ಮೊಮ್ಮಕ್ಕಳಿದ್ದಾರೆ, ಅದೇ ಓಣಿಯಲ್ಲಿದ್ದಾರೆ. ಇನ್ನು ಸಂಚಿಕೆ ಬಿಡುಗಡೆಯನ್ನು ಕಲ್ಯಾಣ ಮಂಟಪದಲ್ಲಿ ಇಟ್ಟುಕೊಳ್ಳಬೇಡಿ. ಭಾನುವಾರ ಶಾಲೆಯಲ್ಲೇ ಮಾಡಿ, ಮಂಟಪದ ಬಾಡಿಗೆ ದುಡ್ಡಿನಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಟ್ಯಾಂಕು, ಪೈಪು ಹಾಕಿಸಿ.